ನೀವು ಎಲ್ಲಿದ್ದೀರಿ, ಅದು ಯಾರಿಗೆ ಗೊತ್ತು?

ಬೆಂಗಳೂರಿನ ಹಾರ್ನ್ ಗದ್ದಲಕ್ಕೆ ಶಾಪ ಹಾಕದವರಿಲ್ಲ. ಅದನ್ನು ಅಳೆದೇ ನೋಡೋಣ ಎಂದು ಕೂತವರು ಮಾತ್ರ ಅಪರೂಪ. ಸದಾಶಿವನಗರದಲ್ಲಿದ್ದ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಪ್ರಶಾಂತ್ ಮೋಹನ್, ವೆಂಕಟ ಪದ್ಮನಾಭನ್ ಮತ್ತು ರಾಮಚಂದ್ರನ್ ರಾಮ್‌ಜೀ 2008ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಈ ನಗರದ ರಸ್ತೆಗಳೇ ಪ್ರಯೋಗಶಾಲೆ. ಅವರು ಕಟ್ಟಿದ ವ್ಯವಸ್ಥೆಯ ಹೆಸರು 'ನೆರಿಸೆಲ್'. ಜನರ ಜೇಬಿನಲ್ಲಿ ಹೇಗೂ ಇರುವ ಫೋನೇ ರಸ್ತೆಯ ಸುದ್ದಿ ಹೇಳಲಿ ಎಂಬುದು ಅದರ ಹಿಂದಿನ ಆಲೋಚನೆ. ಶಿಸ್ತಿನ ಹೆದ್ದಾರಿಗಳಿರುವ ದೇಶದಲ್ಲಿ ವಾಹನಗಳ ವೇಗ ತಿಳಿದರೆ ಸಂಚಾರ ಹೇಗಿದೆ ಎಂಬುದು ಬಹುಪಾಲು ತಿಳಿದಂತೆಯೇ. ನಮ್ಮಲ್ಲಿ ವೇಗ ತಗ್ಗಲು ನೂರೆಂಟು ಕಾರಣ: ಗುಂಡಿ, ಹಂಪ್, ಅಡ್ಡ ಬಂದ ಆಟೊ, ಪೊಲೀಸರೂ ಸಿಗ್ನಲ್ಲೂ ಇಲ್ಲದ ಸರ್ಕಲ್. ಹಾಗಾಗಿ ಅವರು ಫೋನಿನ ಮೈಕ್‌ನಿಂದ ಹಾರ್ನ್ ಕೇಳಿಸಿಕೊಂಡರು, ಆಕ್ಸಿಲರೋಮೀಟರಿನಿಂದ ಕುಲುಕಾಟ ಅಳೆದರು. ಎಲ್ಲಿ ಹಾರ್ನ್ ಹೆಚ್ಚೋ ಅಲ್ಲಿ ಸಂಚಾರಕ್ಕೆ ಹೇಳುವವರು ಕೇಳುವವರು ಇಲ್ಲ ಎಂದು ಲೆಕ್ಕ.

ಕೇಳಲು ಸುಲಭ, ಮಾಡಲು ಕಷ್ಟ. ಆ ಕಾಲದ ಫೋನುಗಳಲ್ಲಿ ಎಲ್ಲವೂ ಇರುತ್ತಿರಲಿಲ್ಲ; ಆಕ್ಸಿಲರೋಮೀಟರನ್ನು ಹೊರಗಿನಿಂದ ತಂದು ಬ್ಲೂಟೂತ್‌ನಲ್ಲಿ ಜೋಡಿಸಿದ್ದರು. ಅದಕ್ಕಿಂತ ದೊಡ್ಡ ತಲೆನೋವು ಫೋನು ಜೇಬಿನಲ್ಲಿ ಹೇಗೆಂದರೆ ಹಾಗೆ ಬಿದ್ದಿರುತ್ತದೆ ಎಂಬುದು. ಯಾವುದು ಮೇಲೆ, ಯಾವುದು ಮುಂದೆ ಎಂದೇ ಅದಕ್ಕೆ ಗೊತ್ತಿಲ್ಲದಿದ್ದರೆ ಗುಂಡಿಗೂ ತಿರುವಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ಪರಿಹಾರ ಸೊಗಸಾಗಿದೆ. ಗಾಡಿ ನಿಂತಿರುವಾಗ ಗುರುತ್ವ ಎತ್ತ ಎಳೆಯುತ್ತಿದೆ ಎಂಬುದರಿಂದ ಕೆಳಗಿನ ದಿಕ್ಕು ಸಿಗುತ್ತದೆ, ಗಕ್ಕನೆ ಬ್ರೇಕ್ ಹಾಕಿದಾಗ ಮುಂದಿನ ದಿಕ್ಕು ಸಿಗುತ್ತದೆ. ಉಳಿದದ್ದು ಗಣಿತ. ಗುಂಡಿ ಗುರುತಿಸಲೂ ಎರಡು ಸೂತ್ರ ಬೇಕಾಯಿತು. ಗಂಟೆಗೆ 25 ಕಿ.ಮೀ. ಮೀರಿದ ವೇಗದಲ್ಲಿ ಗುಂಡಿಗೆ ಬಿದ್ದ ಗಾಡಿ ಒಮ್ಮೆಲೇ ಎಗರುತ್ತದೆ, ಆ ಜೋರು ಏಟನ್ನು ಹುಡುಕಿದರೆ ಸಾಕು. ನಿಧಾನವಾಗಿ ಹೋಗುವಾಗ ಏಟು ಅಷ್ಟು ಜೋರಾಗಿರುವುದಿಲ್ಲ. ಚಕ್ರ ಗುಂಡಿಗೆ ಇಳಿಯುವ ಕ್ಷಣದಲ್ಲಿ ಮೈ ಹಗುರಾದಂತಾಗುತ್ತದಲ್ಲ, ಅದು 20 ಮಿಲಿಸೆಕೆಂಡಿನಷ್ಟಾದರೂ ಇದ್ದರೆ ಗುಂಡಿ ಎಂದು ಬರೆದುಕೊಳ್ಳುವುದು. ಬಿಎಂಟಿಸಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಈ ಎರಡು ಅನುಭವಗಳ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

ಇನ್ನು ಜಿಪಿಎಸ್. ಅದನ್ನು ಸದಾ ಚಾಲೂ ಇಟ್ಟರೆ ಬ್ಯಾಟರಿ ಬರಿದಾಗುತ್ತದೆ. ಆದ್ದರಿಂದ ಕಡಿಮೆ ಕರೆಂಟು ಕುಡಿಯುವ ಸಾಧನಗಳನ್ನು ಕಾವಲಿಗೆ ಕೂರಿಸಿ, ಅಗತ್ಯ ಬಿದ್ದಾಗ ಮಾತ್ರ ದುಬಾರಿಯವನ್ನು ಎಬ್ಬಿಸುವ ಉಪಾಯ ಮಾಡಿದರು. ಇಂದು ಕೈಗಡಿಯಾರದಿಂದ ಹಿಡಿದು ಮನೆಯ ಕ್ಯಾಮೆರಾದವರೆಗೆ ಇಂಥ ಎಷ್ಟೋ ಸಾಧನಗಳು ಇದೇ ತತ್ವದ ಮೇಲೆ ನಡೆಯುತ್ತವೆ.

ಇಷ್ಟೆಲ್ಲ ಆದ ಮೇಲೂ ಬೆಂಗಳೂರಿನ ಗುಂಡಿಗಳು ಹಾಗೇ ಇವೆಯಲ್ಲ ಎಂದು ನೀವು ಕೇಳಬಹುದು. ಗುಂಡಿ ಎಲ್ಲಿದೆ ಎಂಬ ಮಾಹಿತಿಗೆ ಈ ಊರಿನಲ್ಲಿ ಎಂದೂ ಬರವಿರಲಿಲ್ಲ. ಮುಂದೆ ಪಾಲಿಕೆಯೇ 'ಫಿಕ್ಸ್ ಮೈ ಸ್ಟ್ರೀಟ್' ಎಂಬ ಆ್ಯಪ್ ತಂದು ಜನರಿಂದಲೇ ಗುಂಡಿಯ ಫೋಟೊ ತರಿಸಿಕೊಂಡಿತು. ಟಾರು ಹಾಕುವ ಕೆಲಸ ಆ್ಯಪಿನಿಂದ ಆಗುವಂಥದ್ದಲ್ಲ. ಆ ಮಾತು ಅಲ್ಲಿಗೇ ಇರಲಿ, ಸಂಶೋಧನೆಯ ಕತೆಗೆ ಬರೋಣ.

ನೆರಿಸೆಲ್ ಪ್ರಕಟವಾದ ಅದೇ 2008ರಲ್ಲಿ ಅಮೆರಿಕದ ಎಂಐಟಿಯ ತಂಡವೊಂದು ಬಾಸ್ಟನ್ನಿನ ಏಳು ಟ್ಯಾಕ್ಸಿಗಳಲ್ಲಿ ಸಂವೇದಕಗಳನ್ನು ಕೂರಿಸಿ, ಅಲ್ಲಿನ ರಸ್ತೆಗುಂಡಿಗಳ ನಕ್ಷೆ ತಯಾರಿಸಿತ್ತು. 'ಪಾಟ್‌ಹೋಲ್ ಪಟ್ರೋಲ್' ಎಂದು ಅದರ ಹೆಸರು. ಆ ತಂಡದಲ್ಲಿದ್ದವರು ಹರಿ ಬಾಲಕೃಷ್ಣನ್. ಬಾಲಕೃಷ್ಣನ್ ಮದ್ರಾಸ್ ಐಐಟಿಯವರು, ಪದ್ಮನಾಭನ್ ದೆಹಲಿ ಐಐಟಿಯವರು. ಇಬ್ಬರೂ ಪದವಿ ಮುಗಿಸಿದ್ದು 1993ರಲ್ಲಿ, ಇಬ್ಬರೂ ಹೋದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ, ಇಬ್ಬರಿಗೂ ಪಿಎಚ್.ಡಿ. ಮಾರ್ಗದರ್ಶಕರು ರ‍್ಯಾಂಡಿ ಕಾಟ್ಜ್. ಗುರುಬಂಧುಗಳು ಎನ್ನೋಣ. ಇವರಿಬ್ಬರ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮೊಬೈಲಿನಲ್ಲಿ ನಾವಿರುವ ಜಾಗವನ್ನು ಹುಡುಕುವ ವಿದ್ಯೆ ಎತ್ತ ಸಾಗಿತು, ಎಲ್ಲಿ ತಿರುಗಿತು ಎಂಬುದೂ ಕಾಣುತ್ತದೆ. ಅದಕ್ಕೆ ಸ್ವಲ್ಪ ಹಿಂದಕ್ಕೆ, ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋಗಬೇಕು.

ಆಫೀಸಿನಲ್ಲಿ ಒಬ್ಬರಿಗೆ ಫೋನ್ ಬರುತ್ತದೆ, ಅವರು ಸೀಟಿನಲ್ಲಿ ಇರುವುದಿಲ್ಲ. ಮೊಬೈಲ್ ಇಲ್ಲದ ಕಾಲದ ಈ ಸಣ್ಣ ಕಿರಿಕಿರಿಗೆ ಅಲ್ಲಿನ ಒಲಿವೆಟ್ಟಿ ಸಂಶೋಧನಾಲಯದಲ್ಲಿ ರಾಯ್ ವಾಂಟ್, ಆ್ಯಂಡಿ ಹಾಪರ್ ಮತ್ತು ಸಂಗಡಿಗರು 1989ರಿಂದ 1992ರ ನಡುವೆ ಒಂದು ಪರಿಹಾರ ಕಟ್ಟಿದರು. ಎಲ್ಲರೂ ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳುವುದು. ಅದು 15 ಸೆಕೆಂಡಿಗೊಮ್ಮೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ತನ್ನದೇ ಸಂಕೇತವನ್ನು ಅವಕೆಂಪು ಕಿರಣದಲ್ಲಿ ಮಿಣುಕಿಸುತ್ತದೆ. ಟಿವಿ ರಿಮೋಟಿನಲ್ಲಿರುವುದೂ ಅದೇ ಕಿರಣ. ಅದು ಗೋಡೆ ದಾಟುವುದಿಲ್ಲ. ಹಾಗಾಗಿ ಯಾವ ಕೋಣೆಯ ಸಂವೇದಕಕ್ಕೆ ಅದು ಕಂಡಿತೋ ಆ ಕೋಣೆಯಲ್ಲೇ ಮನುಷ್ಯ ಇದ್ದಾನೆ ಎಂದರ್ಥ. ರಿಸೆಪ್ಷನಿಸ್ಟ್ ಮುಂದಿನ ಪರದೆಯಲ್ಲಿ ಪ್ರತಿಯೊಬ್ಬರ ಹೆಸರು, ಅವರಿರುವ ಜಾಗ, ಹತ್ತಿರದ ಫೋನಿನ ನಂಬರು ಕಾಣುತ್ತಿತ್ತು. ಕರೆ ಸೀದಾ ಅಲ್ಲಿಗೇ ಹೋಗುತ್ತಿತ್ತು.

ಆ ವ್ಯವಸ್ಥೆಗೆ ಕೊಡಬಹುದಾಗಿದ್ದ ಆಜ್ಞೆಗಳ ಪಟ್ಟಿ ಓದಿದರೆ ಇಂದಿಗೂ ಮೈ ಝುಂ ಎನ್ನುತ್ತದೆ. ಇಂಥವರು ಎಲ್ಲಿದ್ದಾರೆ? ಅವರ ಜೊತೆ ಯಾರಿದ್ದಾರೆ? ಈ ಕೋಣೆಯಲ್ಲಿ ಈಗ ಯಾರ‍್ಯಾರಿದ್ದಾರೆ? ಇವರು ಮತ್ತೆ ಕಾಣಿಸಿಕೊಂಡರೆ ತಿಳಿಸು. ಕಳೆದ ಹೊತ್ತಿನಲ್ಲಿ ಇವರು ಎಲ್ಲೆಲ್ಲಿ ಓಡಾಡಿದರು? ಒಂದು ಕಣ್ಗಾವಲು ಇಲಾಖೆಗೆ ಬೇಕಾದ ಪ್ರಶ್ನೆಗಳೆಲ್ಲ ಅದರಲ್ಲಿ ಇವೆ. ಆದರೆ ಅದನ್ನು ಕಟ್ಟಿದವರು ತಾವೇ ಅದನ್ನು ತೊಟ್ಟಿದ್ದರು, ಸಹೋದ್ಯೋಗಿ ನನ್ನನ್ನು ನೋಡಬಹುದಾದಂತೆ ನಾನೂ ಅವನನ್ನು ನೋಡಬಹುದಿತ್ತು. ಬೇಡವೆನಿಸಿದರೆ ಬ್ಯಾಡ್ಜನ್ನು ಕಳಚಿ ಡ್ರಾಯರಿಗೆ ಹಾಕುವುದು. ಬ್ಯಾಡ್ಜಿನಲ್ಲೇ ಬೆಳಕು ಗುರುತಿಸುವ ಪುಟ್ಟ ಭಾಗ ಇತ್ತು, ಕತ್ತಲಾದರೆ ಅದು ಮಿಣುಕುವುದನ್ನು ಕಡಿಮೆ ಮಾಡುತ್ತಿತ್ತು. ಉದ್ದೇಶ ಬ್ಯಾಟರಿ ಉಳಿಸುವುದು. ಆದರೂ ಡ್ರಾಯರಿಗೆ ಹಾಕಿದರೆ ತೆಪ್ಪಗೆ ಮಲಗುವ ಸಾಧನ ಅಂದಿಗೇ ಇತ್ತು ಎಂಬುದನ್ನು ನೆನಪಿಡಬೇಕು.

ಇದೇ ಹೊತ್ತಿಗೆ ಅಮೆರಿಕದ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಮಾರ್ಕ್ ವೈಸರ್ ಇನ್ನೂ ದೊಡ್ಡ ಕನಸು ಕಾಣುತ್ತಿದ್ದ. ಕಂಪ್ಯೂಟರ್ ಮೇಜಿನ ಮೇಲೆ ಕೂತು ನಮ್ಮ ಗಮನ ಬೇಡಬಾರದು, ಅಂಗೈಯಗಲದ್ದು, ಪುಸ್ತಕದ ಗಾತ್ರದ್ದು, ಗೋಡೆಯಗಲದ್ದು ಎಂದು ನೂರಾರು ರೂಪದಲ್ಲಿ ಸುತ್ತಮುತ್ತ ಕರಗಿಹೋಗಿರಬೇಕು ಎಂಬುದು ಅವನ ವಾದ. 1991ರ ಸೆಪ್ಟೆಂಬರಿನ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬಂದ ಅವನ ಲೇಖನ ಈ ಕ್ಷೇತ್ರಕ್ಕೆ ಬುನಾದಿ. ಆ ಲೇಖನವನ್ನು ಹೊಗಳುವವರು ಮರೆಯುವ ಒಂದು ಮಾತಿದೆ. ಪ್ರತಿ ಕೋಣೆಯಲ್ಲೂ ಮನುಷ್ಯರನ್ನು ಗುರುತಿಸುವ ನೂರಾರು ಕಂಪ್ಯೂಟರುಗಳು ಒಂದಕ್ಕೊಂದು ಜೋಡಿಸಿಕೊಂಡರೆ, ಜಗತ್ತು ಈವರೆಗೆ ಕಂಡ ಸರ್ವಾಧಿಕಾರಗಳು ಅದರ ಮುಂದೆ ಏನೇನೂ ಅಲ್ಲ ಎನಿಸಬಹುದು ಎಂದು ವೈಸರ್ ಅಲ್ಲೇ ಎಚ್ಚರಿಸಿದ್ದ. 1999ರಲ್ಲಿ, 46ನೇ ವಯಸ್ಸಿಗೆ ತೀರಿಕೊಂಡ. ತನ್ನ ಎಚ್ಚರಿಕೆ ಎಷ್ಟು ನಿಜವಾಯಿತೆಂದು ನೋಡಲು ಅವನಿರಲಿಲ್ಲ. ಝೆರಾಕ್ಸಿನದೇ ಕೇಂಬ್ರಿಡ್ಜ್ ಶಾಖೆಯ ವಿಕ್ಟೋರಿಯಾ ಬೆಲ್ಲೊಟ್ಟಿ ಮತ್ತು ಅಬಿಗೈಲ್ ಸೆಲ್ಲೆನ್ 1993ರಲ್ಲಿ ಈ ಅಪಾಯಕ್ಕೆ ಎರಡು ಕಟ್ಟುಪಾಡು ಸೂಚಿಸಿದರು. ನನ್ನ ಬಗ್ಗೆ ಏನು ಸಂಗ್ರಹವಾಗುತ್ತಿದೆ, ಅದು ಯಾರಿಗೆ ಹೋಗುತ್ತಿದೆ ಎಂಬುದು ನನಗೆ ಕಾಣಬೇಕು. ಅದನ್ನು ತಡೆಯುವ ಹಿಡಿತವೂ ನನ್ನ ಕೈಲಿರಬೇಕು. ಮೂರು ದಶಕ ದಾಟಿದರೂ ಇದಕ್ಕಿಂತ ನೇರವಾಗಿ ಯಾರೂ ಹೇಳಿಲ್ಲ ಎಂದೇ ನನ್ನ ಅಭಿಪ್ರಾಯ.

ಈಗ 2000ನೇ ಇಸವಿ. ಗುರುಬಂಧುಗಳಿಬ್ಬರೂ ಒಂದೇ ಸಮಸ್ಯೆಯನ್ನು ಎತ್ತಿಕೊಂಡರು: ಕಟ್ಟಡದ ಒಳಗೆ ಜಾಗ ಹುಡುಕುವುದು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು, ಬಯಲಿನಲ್ಲಿ ಜಾಗ ಹುಡುಕುವುದು ಸುಲಭವಾಯಿತು. ಸೂರಿನಡಿ ಉಪಗ್ರಹದ ಸಿಗ್ನಲ್ ತಲುಪುವುದಿಲ್ಲವಲ್ಲ, ತೊಡಕು ಅಲ್ಲಿತ್ತು.

ಬಾಲಕೃಷ್ಣನ್, ನಿಸ್ಸಂಕ ಪ್ರಿಯಂತ, ಅನಿತ್ ಚಕ್ರವರ್ತಿ ಸೇರಿ ಮಾಡಿದ್ದು 'ಕ್ರಿಕೆಟ್'. ಇಲ್ಲಿ ಚಾವಣಿಯಲ್ಲಿ ಸಣ್ಣ ಸಾಧನಗಳು ಕೂತಿರುತ್ತವೆ. ಅವು ಒಂದೇ ಕ್ಷಣದಲ್ಲಿ ಒಂದು ರೇಡಿಯೋ ಸಂಕೇತವನ್ನೂ ಕಿವಿಗೆ ಕೇಳದ ಅಲ್ಟ್ರಾಸೌಂಡನ್ನೂ ಹೊರಡಿಸುತ್ತವೆ. ರೇಡಿಯೋ ಬೆಳಕಿನ ವೇಗದಲ್ಲಿ ಬರುತ್ತದೆ, ಶಬ್ದ ಒಂದು ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರ ಎಂದು ಹೇಳುತ್ತಿದ್ದ ಅಜ್ಜಂದಿರ ಲೆಕ್ಕವೇ ಇದು. ಮುಖ್ಯ ಸಂಗತಿ ಬೇರೆಯದು. ಇಲ್ಲಿ ಚಾವಣಿ ಮಾತಾಡುತ್ತದೆ, ಕೈಯಲ್ಲಿರುವ ಸಾಧನ ಬರೀ ಕೇಳಿಸಿಕೊಳ್ಳುತ್ತದೆ. ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವುದು ಅದೇ ಸಾಧನ, ಕಟ್ಟಡಕ್ಕೆ ನೀವು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಬಳಸುವವರ ಖಾಸಗಿತನವನ್ನು ಈ ತಂಡ ತನ್ನ ಗುರಿಗಳಲ್ಲಿ ಮೊದಲೇ ಬರೆದುಕೊಂಡಿತ್ತು, ಒಂದೊಂದು ಸಾಧನದ ಬೆಲೆ ಹತ್ತು ಡಾಲರ್ ದಾಟಬಾರದು ಎಂಬುದನ್ನೂ.

ಪದ್ಮನಾಭನ್ ಆಗ ಅಮೆರಿಕದ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿದ್ದರು. ಪರಮ್‌ವೀರ್ ಬಹ್ಲ್ ಜೊತೆಗೂಡಿ ಅವರು ಮಾಡಿದ 'ರೇಡಾರ್' ಬೇರೆಯದೇ ಜಾಡು ಹಿಡಿಯಿತು. ಹೊಸ ಸಾಧನವೇ ಬೇಡ, ಇಂಟರ್ನೆಟ್ಟಿಗಾಗಿ ಹೇಗೂ ಹಾಕಿರುವ ವೈರ್‌ಲೆಸ್ ಬೇಸ್ ಸ್ಟೇಷನ್ನುಗಳೇ ಸಾಕು. 43.5 ಮೀಟರ್ ಉದ್ದ, 22.5 ಮೀಟರ್ ಅಗಲದ ಒಂದು ಮಹಡಿ, ಐವತ್ತಕ್ಕೂ ಹೆಚ್ಚು ಕೋಣೆ, ಮೂರು ಬೇಸ್ ಸ್ಟೇಷನ್. ಆ ಮಹಡಿಯ 70 ಜಾಗಗಳಲ್ಲಿ ನಿಂತು ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಬರೆದುಕೊಂಡರು. ಒಂದೇ ಜಾಗದಲ್ಲಿ ನಾಲ್ಕು ದಿಕ್ಕಿಗೂ ಮುಖ ಮಾಡಿ ಅಳೆಯಬೇಕಾಯಿತು. ನಮ್ಮ ಮೈ ಬಹುಪಾಲು ನೀರು. ಲ್ಯಾಪ್‌ಟಾಪಿಗೂ ಬೇಸ್ ಸ್ಟೇಷನ್ನಿಗೂ ನಡುವೆ ಮನುಷ್ಯನೇ ನಿಂತರೆ ಸಿಗ್ನಲ್ ಕುಗ್ಗುತ್ತದೆ. ಆ ಪಟ್ಟಿ ಸಿದ್ಧವಾದ ಮೇಲೆ ಹೊಸ ಅಳತೆಯನ್ನು ಅದರೊಡನೆ ಹೋಲಿಸಿದರೆ ಎರಡು ಮೂರು ಮೀಟರಿನ ಆಸುಪಾಸಿನಲ್ಲಿ ಜಾಗ ಸಿಗುತ್ತಿತ್ತು. ಇಲ್ಲಿ ಅಳೆಯುತ್ತಿದ್ದದ್ದು ಬೇಸ್ ಸ್ಟೇಷನ್ನು. ಎಂದರೆ ಕಟ್ಟಡವೇ ನಿಮ್ಮನ್ನು ಆಲಿಸುತ್ತಿತ್ತು.

ಯಾವುದು ಗೆದ್ದಿತು ಎಂದು ಹೇಳಬೇಕಿಲ್ಲ. ಇದ್ದ ಸಾಮಾನಿನಲ್ಲೇ ಕೆಲಸ ಮುಗಿಸುವುದು ಯಾವ ಕಾಲಕ್ಕೂ ಗೆಲ್ಲುತ್ತದೆ. ವೈಫೈ ಗುರುತುಗಳಿಂದ ಜಾಗ ಹುಡುಕುವ ವಿದ್ಯೆ ಊರೂರಿಗೆ ಹಬ್ಬಿ, 2008ರ ಹೊತ್ತಿಗೆ ಐಫೋನಿಗೂ ಬಂತು. ಫೋನು ತನ್ನ ಸುತ್ತ ಕಾಣುವ ವೈಫೈಗಳ ಪಟ್ಟಿಯನ್ನು ದೂರದ ಸರ್ವರ್‌ಗೆ ಕಳಿಸಿ 'ನಾನೆಲ್ಲಿದ್ದೇನೆ' ಎಂದು ಕೇಳುವ ಪದ್ಧತಿ ಬೆಳೆಯಿತು. ಸರ್ವರ್ ಉತ್ತರ ಹೇಳುತ್ತದೆ, ಹೇಳುವಾಗ ತಾನೂ ತಿಳಿದುಕೊಳ್ಳುತ್ತದೆ. ಕ್ರಿಕೆಟ್ ಪ್ರಯೋಗದಲ್ಲಿ ಕಾಪಾಡಿಕೊಂಡಿದ್ದ ಗಡಿ ಹೀಗೆ ಸದ್ದಿಲ್ಲದೆ ಅಳಿಸಿಹೋಯಿತು. ಇದರ ಹಿಂದೆ ಯಾರ ಸಂಚೂ ಇರಬೇಕಿಲ್ಲ, ಅನುಕೂಲವೊಂದೇ ಸಾಕಿತ್ತು.

ಯುರೋಪಿನವರು ಇದಕ್ಕೆಲ್ಲ ಮೊದಲೇ ಕತೆ ಬರೆದಿಟ್ಟಿದ್ದರು. ಸುತ್ತಲಿನ ಮನೆ, ರಸ್ತೆ, ಅಂಗಡಿಗಳೇ ಜಾಣವಾಗಿ ನಮ್ಮ ಬೇಕುಬೇಡ ತಿಳಿದು ನಡೆಯುವುದಕ್ಕೆ ಅವರು 'ಆಂಬಿಯೆಂಟ್ ಇಂಟೆಲಿಜೆನ್ಸ್' ಎಂದು ಕರೆದರು. 2001ರಲ್ಲಿ ಯುರೋಪಿನ ಒಕ್ಕೂಟಕ್ಕೆ ಸಲಹಾ ಸಮಿತಿಯೊಂದು ಕೊಟ್ಟ ವರದಿಯಲ್ಲಿ 2010ರ ಬದುಕು ಹೇಗಿರಬಹುದು ಎಂಬ ನಾಲ್ಕು ಕಲ್ಪಿತ ಕತೆಗಳಿವೆ. ಅದರಲ್ಲಿ ಕಾರ್ಮೆನ್ ಎಂಬಾಕೆ ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಹೊರಡಬೇಕು. ಅದೇ ದಾರಿಯಲ್ಲಿ ಹೋಗುವ ಯಾರದಾದರೂ ಕಾರು ಹುಡುಕು ಎಂದು ಮನೆಗೆ ಹೇಳುತ್ತಾಳೆ. ಕೇಕ್ ಮಾಡಲು ಏನೇನು ಕಡಿಮೆ ಇದೆ ಎಂದು ಫ್ರಿಡ್ಜ್ ತೋರಿಸುತ್ತದೆ, ಸಾಮಾನು ಆರ್ಡರ್ ಆಗುತ್ತದೆ. ಎಚ್‌ಎಸ್‌ಆರ್ ಲೇಔಟಿನ ಯಾವುದೇ ಅಪಾರ್ಟ್‌ಮೆಂಟಿನಲ್ಲಿ ಇಂದು ಬೆಳಿಗ್ಗೆ ನಡೆದದ್ದು ಹೆಚ್ಚು ಕಡಿಮೆ ಇದೇ, ಫ್ರಿಡ್ಜಿನ ಜಾಗದಲ್ಲಿ ಫೋನಿದೆ ಅಷ್ಟೆ. ಆದರೆ ಆ ಕತೆಯ ಕಣ್ಣೆಲ್ಲ ಕಾರ್ಮೆನ್ ಮೇಲೆ. ಸಾಮಾನು ಹೊತ್ತು ತರುವವನ ದಿನ ಹೇಗಿರುತ್ತದೆ ಎಂದು ಅಲ್ಲಿ ಯಾರೂ ಕಲ್ಪಿಸಿಕೊಂಡಿಲ್ಲ. ಕೆಲವು ವರ್ಷಗಳ ನಂತರ 'ಸ್ವಾಮಿ' ಎಂಬ ಇನ್ನೊಂದು ಯುರೋಪಿಯನ್ ಯೋಜನೆ (ಹೆಸರು ನಮ್ಮದೆನಿಸಿದರೂ ಅದೊಂದು ಸಂಕ್ಷೇಪಾಕ್ಷರ) ಇದೇ ಜಗತ್ತಿನ ಕತ್ತಲೆಯ ಕತೆಗಳನ್ನೂ ಬರೆಯಿತು.

ಗುರುಬಂಧುಗಳ ಕತೆಯ ಕುತೂಹಲಕರ ಘಟ್ಟ ಇನ್ನು ಮುಂದಿದೆ. ಬಾಸ್ಟನ್ನಿನ ಟ್ಯಾಕ್ಸಿ ಪ್ರಯೋಗಗಳ ಬೆನ್ನಿಗೆ, 2010ರಲ್ಲಿ ಬಾಲಕೃಷ್ಣನ್ ಮತ್ತು ಸಂಗಡಿಗರು ಕೇಂಬ್ರಿಡ್ಜ್ ಮೊಬೈಲ್ ಟೆಲಿಮ್ಯಾಟಿಕ್ಸ್ ಎಂಬ ಕಂಪನಿ ಶುರು ಮಾಡಿದರು. ಫೋನಿನ ಅದೇ ಸಂವೇದಕಗಳು ಈಗ ರಸ್ತೆಯ ಬದಲು ಚಾಲಕನನ್ನು ಅಳೆಯುತ್ತವೆ: ಎಷ್ಟು ಸಲ ಗಕ್ಕನೆ ಬ್ರೇಕ್ ಹಾಕಿದ, ಎಷ್ಟು ಜೋರಾಗಿ ತಿರುಗಿಸಿದ, ಓಡಿಸುವಾಗ ಫೋನ್ ಮುಟ್ಟಿದನೇ. ಅದರಿಂದ ಬರುವ ಅಂಕಗಳನ್ನು ವಿಮಾ ಕಂಪನಿಗಳು ಬಳಸುತ್ತವೆ. ಇತ್ತ ಪದ್ಮನಾಭನ್ ಅವರ ಬೆಂಗಳೂರಿನ ತಂಡ 'ಹ್ಯಾಮ್ಸ್' ಎಂಬ ವ್ಯವಸ್ಥೆ ಕಟ್ಟಿತು. ಕಾರಿನ ಗಾಜಿಗೆ ಅಂಟಿಸಿದ ಸ್ಮಾರ್ಟ್‌ಫೋನಿನ ಮುಂದಿನ ಕ್ಯಾಮೆರಾ ಚಾಲಕನನ್ನು ನೋಡುತ್ತದೆ, ಹಿಂದಿನದು ದಾರಿಯನ್ನು ನೋಡುತ್ತದೆ. 2019ರಲ್ಲಿ ಡೆಹ್ರಾಡೂನಿನ ಆರ್‌ಟಿಒದಲ್ಲಿ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಗೆ ಅದನ್ನು ಅಳವಡಿಸಿದರು. ಗುಂಡಿ ಹುಡುಕಲು ಹೊರಟ ಇಬ್ಬರೂ, ಬೇರೆ ಬೇರೆ ಖಂಡಗಳಲ್ಲಿ, ಕೊನೆಗೆ ಬಂದು ನಿಂತದ್ದು ಸ್ಟೀರಿಂಗ್ ಹಿಡಿದವನ ಮುಖದ ಮುಂದೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ರಸ್ತೆಯ ಮಾಹಿತಿಗೆ ದುಡ್ಡು ಕೊಡುವವರು ಕಡಿಮೆ, ಚಾಲಕನ ಮಾಹಿತಿಗೆ ಗಿರಾಕಿ ಇದ್ದಾರೆ ಎಂಬುದೊಂದು ಕಾರಣ ಇರಬೇಕು ಎಂದು ನನ್ನ ಊಹೆ. ಅಪಘಾತದಲ್ಲಿ ಜೀವ ಉಳಿಯುವುದಾದರೆ ಚಾಲಕನನ್ನು ನೋಡುವುದು ತಪ್ಪೂ ಅಲ್ಲ. ಬ್ರೋಕರ್ ಕೈಗೆ ಕಾಗದ ಕೊಟ್ಟು ಲೈಸೆನ್ಸ್ ಪಡೆದವರು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆಂದು ನೆನೆದರೆ, ಇನ್‌ಸ್ಪೆಕ್ಟರ ಮರ್ಜಿಗಿಂತ ಯಂತ್ರದ ಕಣ್ಣೇ ವಾಸಿ ಎಂದು ಎಷ್ಟೋ ಜನ ಹೇಳಿಯಾರು. ಜೊತೆಗೆ ಡೆಹ್ರಾಡೂನಿನ ಏರ್ಪಾಟಿನಲ್ಲಿ ನನಗೆ ಹಿಡಿಸಿದ್ದು ಇನ್ನೊಂದಿದೆ: ಪರೀಕ್ಷೆಗೆ ಕೂತವರಿಗೆ ತಾವು ಎಲ್ಲಿ ತಪ್ಪಿದೆವು ಎಂಬ ವಿವರವಾದ ವರದಿ ಸಿಗುತ್ತದೆ. ನೋಡಿದ್ದು ಏನು ಎಂಬುದು ನೋಡಿಸಿಕೊಂಡವರಿಗೂ ಗೊತ್ತಾಗುತ್ತದೆ.

ಎಲ್ಲ ಕಡೆ ಹಾಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ, ಕೋವಿಡ್‌ಗಾಗಿ ಮನೆಯಲ್ಲೇ ಕ್ವಾರಂಟೈನ್ ಆದವರು 'ಕ್ವಾರಂಟೈನ್ ವಾಚ್' ಆ್ಯಪಿನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ವಿನಾಯಿತಿ. ಫೋಟೊದ ಜೊತೆ ಜಾಗದ ಗುರುತೂ ಹೋಗುತ್ತಿತ್ತು. ತಪ್ಪಿದರೆ ಸಾಮೂಹಿಕ ಕ್ವಾರಂಟೈನ್ ಕೇಂದ್ರಕ್ಕೆ ಸಾಗಿಸುವ ಎಚ್ಚರಿಕೆ. ಅದು ಭಯದ ಕಾಲ, ಅಂದಿನ ನಿರ್ಧಾರಗಳನ್ನು ಇಂದಿನ ನೆಮ್ಮದಿಯಲ್ಲಿ ಕೂತು ತೂಗುವುದು ಸುಲಭ. ಆದರೆ ಉದ್ಯೋಗ ಖಾತರಿಯ ಕೂಲಿಕಾರರಿಗೆ ಬಂದದ್ದು ತುರ್ತಿನ ಕಾಲದ ಏರ್ಪಾಟಲ್ಲ. 2021ರಲ್ಲಿ ಹಾಜರಿ ಹಿಡಿಯಲು ಕೇಂದ್ರ ಸರ್ಕಾರ ತಂದ ಎನ್‌ಎಂಎಂಎಸ್ ಆ್ಯಪ್, ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲದಕ್ಕೆ 2023ರ ಜನವರಿ 1ರಿಂದ ಕಡ್ಡಾಯವಾಯಿತು. ಕೆರೆ ಹೂಳೆತ್ತುವ ಜಾಗದಲ್ಲಿ ಕಾಯಕ ಬಂಧು ಎನಿಸಿಕೊಂಡ ಮೇಲ್ವಿಚಾರಕರು ದಿನಕ್ಕೆರಡು ಸಲ ಎಲ್ಲರನ್ನೂ ನಿಲ್ಲಿಸಿ, ಜಾಗದ ಗುರುತಿರುವ ಫೋಟೊ ತೆಗೆಯಬೇಕು. ಕೊಟ್ಟ ಅಳತೆಯ ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸಿದವರೂ ಎರಡನೇ ಫೋಟೊಗಾಗಿ ಕಾಯಬೇಕು. ನೆಟ್‌ವರ್ಕ್ ಕೈಕೊಟ್ಟು ಹಾಜರಿ ದಾಖಲಾಗದಿದ್ದರೆ ಪೆಟ್ಟು ಬೀಳುವುದು ಕೂಲಿಗೆ. ಸುಳ್ಳು ಹಾಜರಾತಿ ತಡೆಯಲು ಈ ಕ್ರಮ ಎನ್ನುತ್ತಾರೆ. ಗುತ್ತಿಗೆದಾರರ ಜೆಸಿಬಿ ರಾತ್ರಿ ಎಲ್ಲಿತ್ತು ಎಂದು ತೋರಿಸುವ ಆ್ಯಪ್ ಮಾತ್ರ ಹಳ್ಳಿಯವರ ಕೈಯಲ್ಲಿಲ್ಲ.

ಇನ್ನು ಕಾರ್ಮೆನ್ ಕತೆಯಲ್ಲಿ ಬಿಟ್ಟುಹೋದವನು. ಡೆಲಿವರಿ ಹುಡುಗ ಯಾವ ತಿರುವಿನಲ್ಲಿದ್ದಾನೆ ಎಂದು ಆರ್ಡರ್ ಮಾಡಿದವರಿಗೆ ನಕ್ಷೆಯ ಮೇಲೆ ಕಾಣುತ್ತದೆ, ಕಂಪನಿಗೆ ಅದಕ್ಕಿಂತ ಹೆಚ್ಚು ಕಾಣುತ್ತದೆ. ಮುಂದಿನ ಆರ್ಡರ್ ತನಗೇಕೆ ಬರಲಿಲ್ಲ, ತನ್ನ ರೇಟಿಂಗ್ ಏಕೆ ಇಳಿಯಿತು, ಐಡಿ ಏಕೆ ಬ್ಲಾಕ್ ಆಯಿತು ಎಂಬುದು ಮಾತ್ರ ಅವನಿಗೆ ಕಾಣುವುದಿಲ್ಲ. ಕೇಂಬ್ರಿಡ್ಜಿನ ಬ್ಯಾಡ್ಜ್ ತೊಟ್ಟವರಿಗಿದ್ದ ಡ್ರಾಯರ್ ಇವನಿಗಿಲ್ಲ. ಫೋನಿನ ಲೊಕೇಷನ್ ಆಫ್ ಮಾಡಿದರೆ ಅವತ್ತಿನ ದುಡಿಮೆಯೇ ಆಫ್.

2025ರಲ್ಲಿ ಕರ್ನಾಟಕ ಮಾಡಿದ ಗಿಗ್ ಕಾರ್ಮಿಕರ ಕಾಯ್ದೆಯ ಬಗ್ಗೆ ಹೆಚ್ಚಾಗಿ ಸುದ್ದಿಯಾದದ್ದು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಿಗುವ ಹಣದ ಲೆಕ್ಕದಲ್ಲಿ ಕಂಪನಿಗಳಿಂದ ಪಡೆಯುವ ಶೇ 1ರಿಂದ 5ರ ಕಲ್ಯಾಣ ಶುಲ್ಕ. ಅದೇ ಕಾಯ್ದೆಯಲ್ಲಿ ಅಷ್ಟು ಚರ್ಚೆಯಾಗದ ಇನ್ನೊಂದು ಅಂಶವಿದೆ: ಕಾರ್ಮಿಕರ ಮೇಲೆ ನಿಗಾ ಇಡುವ, ಅವರ ಕೆಲಸದ ಬಗ್ಗೆ ನಿರ್ಧಾರ ಮಾಡುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಕಂಪನಿ ಅವರಿಗೆ ತಿಳಿಸಬೇಕು. 1993ರಲ್ಲಿ ಬೆಲ್ಲೊಟ್ಟಿ, ಸೆಲ್ಲೆನ್ ಕೇಳಿದ ಎರಡರಲ್ಲಿ ಮೊದಲನೆಯದಕ್ಕೆ ಇಲ್ಲಿ ಕಾನೂನಿನ ಬಲ ಬಂದಿದೆ. ಎರಡನೆಯದು, ಬೇಡವೆಂದು ತಡೆಯುವ ಹಿಡಿತ, ಅದರಲ್ಲಿಲ್ಲ. ಕಂಪನಿಗಳು ಈ ಮಾಹಿತಿಯನ್ನು ಹತ್ತು ಪುಟಗಳ ಷರತ್ತಿನೊಳಗೆ ಹುದುಗಿಸಿ 'ಒಪ್ಪಿದೆ' ಗುಂಡಿ ಒತ್ತಿಸಿಕೊಳ್ಳುತ್ತವೋ, ಅಥವಾ ಡೆಹ್ರಾಡೂನಿನ ವರದಿಯಂತೆ ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಕಾರಣಕ್ಕೆ ಎಂದು ಕನ್ನಡದಲ್ಲಿ ಬರೆದು ಕೊಡುತ್ತವೋ ಎಂಬುದು, ಐಡಿ ಬ್ಲಾಕ್ ಆದವರು ಆ ಕಾಯ್ದೆ ಹಿಡಿದು ವಿವರ ಕೇಳಿದಾಗ ತಿಳಿಯಬೇಕು.